ಕಿಲ್‌ಮೋರನ್ ಕಾನ್ವೆಂಟಿನ ಪಕ್ಕದ ಬಾಗಿಲು

ಹಳೆಯ ಕಟ್ಟಡಗಳನ್ನು ಉಳಿಸುವ ಕೆಲಸದಲ್ಲಿ ಐರ್ಲೆಂಡಿನ ಪಶ್ಚಿಮ ಭಾಗದಲ್ಲಿ ಮೊದಲು ನೆನಪಾಗುವ ಹೆಸರು ಫಿಡೆಲ್ಮಾ ಗ್ಯಾರಿಹಿಯವರದು. ಮೂವತ್ತೊಂಬತ್ತು ವರ್ಷಗಳ ಸೇವೆಯ ಬಳಿಕ ಪುರಸಭೆಯ ವಾಸ್ತುಶಿಲ್ಪಿ ಹುದ್ದೆಯಿಂದ ಅವರು ನಿವೃತ್ತರಾಗುತ್ತಿರುವ ಈ ಹೊತ್ತಿನಲ್ಲಿ ಹೇಳಲೇಬೇಕಾದದ್ದು ಅವರ ದೊಡ್ಡ ತಪ್ಪಿನ ಕಥೆ.

ಕಿಲ್‌ಮೋರನ್ ಕಾನ್ವೆಂಟು ಊರಿನ ಬಡ ಹುಡುಗಿಯರಿಗೆ ಅಕ್ಷರ ಕಲಿಸಿತು, ಚಳಿಗಾಲದಲ್ಲಿ ಬ್ರೆಡ್ಡು, ಕೋಕೋ ಕೊಟ್ಟಿತು. ಅವರನ್ನು ಪಕ್ಕದ ತಗ್ಗು ಬಾಗಿಲಿನಿಂದಲೇ ಒಳಗೆ ಬಿಟ್ಟಿತು. ಕಮಾನಿನ ಮುಂಬಾಗಿಲು ಫೀಸು ಕೊಡುವವರಿಗೆ. ಕೊನೆಯ ಸನ್ಯಾಸಿನಿಯರು ಹೊರಟುಹೋದ ಮೇಲೆ ಆ ಕಟ್ಟಡವನ್ನು ಗ್ರಂಥಾಲಯ ಮಾಡುವ ಹೊಣೆ ಫಿಡೆಲ್ಮಾ ಅವರಿಗೆ ಬಂತು. ಮೂರು ತಿಂಗಳಲ್ಲಿ ಓದುಗರು ಬಾರದಿದ್ದರೆ ಕಟ್ಟಡವನ್ನು ಹೋಟೆಲಿನವರಿಗೆ ಮಾರುವುದೆಂದು ಪುರಸಭೆ ಮೊದಲೇ ತೀರ್ಮಾನಿಸಿತ್ತು.

೧೯೯೮ರ ಪ್ರಾರಂಭದ ದಿನ ಮುಂಬಾಗಿಲಲ್ಲಿ ಕಾದು ನಿಂತ ಫಿಡೆಲ್ಮಾ ಅವರಿಗೆ ಒಂದು ನರಪಿಳ್ಳೆಯೂ ಕಾಣಲಿಲ್ಲ. ಸುತ್ತಿಕೊಂಡು ಹೋಗಿ ನೋಡಿದರೆ, ಪಕ್ಕದ ಗೋಡೆಯ ಹತ್ತಿರ ಹಿಂದೆ ಅಲ್ಲಿ ಓದಿದ್ದ ಮೂವತ್ತು ಹೆಂಗಸರು ಕೊಡೆ ಹಿಡಿದು ನಿಂತಿದ್ದರು. ತಗ್ಗು ಬಾಗಿಲನ್ನು ನಕ್ಷೆಯಲ್ಲಿ ಅಳಿಸಿ ಅಲ್ಲಿ ಕಿಟಕಿ ಇಡಿಸಿದ್ದವರು ಫಿಡೆಲ್ಮಾ ಅವರೇ.

ಎಪ್ಪತ್ತೆರಡರ ಬೀನಾ ಟೂಹಿ ಕಿಟಕಿಯ ಗಾಜು ಕುಟ್ಟುತ್ತಿದ್ದಳು. “ಏ ಫಿಡೆಲ್ಮಾ, ಬಾಗಿಲನ್ನ ಎಲ್ಲಿ ಮುಚ್ಚಿಟ್ಟೆಯೇ?”

“ಮುಂದಿನದು ತೆಗೆದಿದೆಯಲ್ಲ ಅಜ್ಜಿ, ಬನ್ನಿ.”

“ಅದು ಕಾಸಿದ್ದೋರದ್ದು. ಅಲ್ಲಿ ಕಾಲಿಟ್ರೆ ಸಿಸ್ಟರು ಕಿವಿ ಹಿಂಡ್ತಾರೆ.”

“ಸಿಸ್ಟರುಗಳು ಹೋಗಿ ನಾಲ್ಕು ವರ್ಷ ಆಯ್ತು!”

“ಅವರು ಹೋದ್ರು. ನನ್ನ ಕಿವಿ ಹೋಗಿಲ್ವಲ್ಲ!” ಹೆಂಗಸರೆಲ್ಲ ನಕ್ಕರು, ನಕ್ಕು ಮನೆಗೆ ಹೊರಟರು.

ಅದೇ ವಾರ ಫಿಡೆಲ್ಮಾ ಪುರಸಭೆಯೆದುರು ನಿಂತು, “ತಪ್ಪು ನನ್ನದು, ಕಿಟಕಿ ಒಡೆಯಬೇಕು” ಎಂದರು. ಕೆಲಸ ಹೋಗುವ ಮಾತೂ ಬಂತು. ಅವರು ಜಗ್ಗಲಿಲ್ಲ. ಮಕ್ಕಳ ಕಾಲಿಗೆ ಸವೆದು ಬೋಗುಣಿಯಂತೆ ಗುಳಿಬಿದ್ದಿದ್ದ ಹೊಸ್ತಿಲ ಕಲ್ಲು ಹಿತ್ತಲಿನ ಕಲ್ಲಿನ ರಾಶಿಯಲ್ಲಿ ಸಿಕ್ಕಿತು. ಅದನ್ನೇ ಮತ್ತೆ ಕೂರಿಸಿದರು.

ಬಾಗಿಲು ತೆರೆದ ಬೆಳಿಗ್ಗೆ ಬೀನಾ ತಲೆ ತಗ್ಗಿಸಿ ಒಳಗೆ ಬಂದಳು. ಒಳಗಿನ ಇಕ್ಕಟ್ಟು ದಾರಿ ದಾಟಿ ಮುಂದಿನ ಹಜಾರಕ್ಕೆ ಬಂದದ್ದೇ ನಿಂತುಬಿಟ್ಟಳು. ಮೂರು ಆಳೆತ್ತರದ ಕಮಾನುಗಳು, ಒಂದೂ ಕಂಬದ ಆಸರೆಯಿಲ್ಲದೆ ತಿರುಗಿ ಮೇಲೇರಿದ ಮರದ ಮೆಟ್ಟಿಲು, ಬಣ್ಣದ ಗಾಜಿನಿಂದಿಳಿದು ನೆಲಕ್ಕೆಲ್ಲ ಹರಡಿದ ನೀಲಿ ಬೆಳಕು. ಅವಳು ಕೈಯನ್ನು ಆ ಬೆಳಕಿಗೆ ಹಿಡಿದು ತಿರುಗಿಸಿ ನೋಡಿದಳು.

“ನಾವು ಆಚೆ ಮಗ್ಗಿ ಒಪ್ಪಿಸ್ತಿದ್ದಾಗ್ಲೂ ಇದು ಇಲ್ಲೇ ಇತ್ತಾ?”

“ಇತ್ತು ಅಜ್ಜಿ.”

ಬೀನಾ ಎರಡು ಪುಸ್ತಕ ತನ್ನ ಹೆಸರಿಗೆ ಬರೆಸಿಕೊಂಡು, ಯಾರನ್ನೂ ಕೇಳದೆ, ಮುಂಬಾಗಿಲಿನಿಂದ ಹೊರಗೆ ನಡೆದಳು. ಉಳಿದವರೂ ಹಿಂದೆ ನಡೆದರು. ಹೋಟೆಲಿನ ಮಾತು ಮತ್ತೆ ಏಳಲಿಲ್ಲ.

ಊರಿನ ಹಳೆಯ ಆಸ್ಪತ್ರೆಯ ನಕ್ಷೆ ಈಗಾಗಲೇ ಫಿಡೆಲ್ಮಾ ಅವರ ಅಡುಗೆಮನೆಯ ಮೇಜಿನ ಮೇಲಿದೆ. ಅದನ್ನು ಮುಗಿಸುವಷ್ಟು ಆಯಸ್ಸು, ಮುಗಿದ ಮೇಲೆ ಇನ್ನೊಂದನ್ನು ಕೈಗೆತ್ತಿಕೊಳ್ಳುವಷ್ಟು ಹಟ ಅವರಿಗಿರಲಿ. ಪೆನ್ಸಿಲ್ ಹಿಡಿಯುವ ಮೊದಲು ಊರಿನ ಮುದುಕಿಯರನ್ನು ಹುಡುಕಿಕೊಂಡು ಹೋಗಿ, “ನೀವು ಯಾವ ಕಡೆಯಿಂದ ಬರ್ತಿದ್ರಿ?” ಎಂದು ಕೇಳುವ ಅವರ ಅಭ್ಯಾಸ ಅವರ ಕುರ್ಚಿಗೆ ಬರುವವರಿಗೂ ಅಂಟಲಿ.