ಗಾಜಿನ ಬುಡ್ಡಿಗೆ ಬಳಿದ ವಿಭೂತಿ

ದೇವದುರ್ಗದ ಕಡೆ ಕೃಷ್ಣಾ ನದಿ ದಾಟಿಸುವ ದೋಣಿಯೊಂದಕ್ಕೆ ಡೀಸೆಲ್ ಸೋಸುವ ಯಂತ್ರ ಕೂರಿಸಲು ಹೋಗಿದ್ದೆ. ಮಾನ್ವಿಯಲ್ಲಿ ನನ್ನದು ಟ್ರ್ಯಾಕ್ಟರ್ ರಿಪೇರಿ ಅಂಗಡಿ. ದೋಣಿಯಲ್ಲಿದ್ದದ್ದೂ ಅಂಥದೇ ಇಂಜಿನ್ನು. ಆಗಾಗ ನಡುನೀರಿನಲ್ಲಿ ಕೈಕೊಡುತ್ತಿತ್ತು. ಕಾರಣ ಹುಡುಕಲು ದೊಡ್ಡ ಬುದ್ಧಿಯೇನೂ ಬೇಕಿರಲಿಲ್ಲ. ದೋಣಿಯ ಒಡೆಯ ಸಾವ್ಕಾರ ತಂದಿಟ್ಟ ಡೀಸೆಲ್ ಡ್ರಮ್ಮು ದಡದ ಮೇಲೆ ಬಾಯಿ ತೆರೆದುಕೊಂಡು ಮಳೆನೀರು ಕುಡಿಯುತ್ತಿತ್ತು.

ಆದರೆ ಸಾವ್ಕಾರನಿಗೆ ಕಂಡ ಕಳ್ಳನೇ ಬೇರೆ: ದೋಣಿ ನಡೆಸುವ ಮುದುಕ.

"ಡೀಸೆಲ್ ಮಾರಿ ಟಾಕಿ ಒಳಗ ಉಚ್ಚಿ ಹೊಯ್ತಾನ್ರೀ ಈ ಮಗ," ಎಂದು ಪ್ರಯಾಣಿಕರೆದುರೇ ಅಂದ. ಜನ ಬಿದ್ದು ಬಿದ್ದು ನಕ್ಕರು. ಮುದುಕನೂ ನಕ್ಕ, ಪಾಪ, ಇನ್ನೇನು ಮಾಡಿಯಾನು? "ನಗಬ್ಯಾಡಲೇ. ಇನ್ನೊಮ್ಮಿ ನಡುನೀರಾಗ ನಿಂದ್ರಲಿ, ನಿನ್ನ ಕೆಲಸ ಹೋತು ತಿಳ್ಕೋ."

ಟಾಕಿಯ ತಳದಿಂದ ಡೀಸೆಲ್ ಎಳೆಯುವ ಸಣ್ಣ ಪಂಪು, ಫಿಲ್ಟರು, ಅದರಡಿ ಗಾಜಿನ ಬುಡ್ಡಿ, ಸೋಸಿದ್ದು ಮತ್ತೆ ಟಾಕಿಗೆ ಬೀಳುವ ಪೈಪು, ಎಲ್ಲ ಜೋಡಿಸಿದೆ. ನೀರು ಭಾರ, ಬುಡ್ಡಿಯಲ್ಲಿ ಕೆಳಗಿಳಿದು ನಿಲ್ಲುತ್ತದೆ. ಕಂಡಾಗ ನಲ್ಲಿ ತಿರುಗಿಸಿ ಹೊರಗೆ ಬಿಟ್ಟರಾಯಿತು. ಬಿಡದಿದ್ದರೆ ಬುಡ್ಡಿ ತುಂಬಿ ನೀರು ಮತ್ತೆ ಟಾಕಿಗೆ, ಅಲ್ಲಿಂದ ಇಂಜಿನ್ನಿಗೆ.

ಹೊಸ ಯಂತ್ರ, ಪೂಜೆಯಾಗದೆ ಬಿಡುತ್ತದೆಯೇ? ಸಾವ್ಕಾರ ವಿಭೂತಿ ಕಲಸಿ ಬುಡ್ಡಿಯ ಸುತ್ತಲೂ ದಪ್ಪಗೆ ಬಳಿದ. ನಡುವೆ ಕುಂಕುಮ.

"ಒರಸ್ರಿ ಅದನ್ನ, ಒಳಗ ನೀರು ಕಾಣಬೇಕು," ಎಂದೆ.

"ದೇವರ ಮಾರಿ ಒರಸಂತೀರೇನ್ರೀ?"

"ಮಾರಿ ಅಲ್ರೀ, ಬುಡ್ಡಿ ಅದು."

ಆತ ನನ್ನನ್ನು ಬಿಟ್ಟು ಮುದುಕನತ್ತ ತಿರುಗಿದ. "ಲೇ, ಇದಕ್ಕ ಕೈ ಹಚ್ಚಿದಿ, ಕೈ ಕಡೀತೀನಿ."

ಕೆಲವು ದಿನ ಬಿಟ್ಟು ಪೈಪುಗಳನ್ನು ಮತ್ತೊಮ್ಮೆ ಬಿಗಿ ಮಾಡಿಕೊಡಲು ಹೋದಾಗ ದೋಣಿ ನನ್ನ ಕಣ್ಣೆದುರೇ ನಡುನೀರಿನಲ್ಲಿ ನಿಂತಿತು. ಮುದುಕ ಗಳ ಊರಿ, ಏದುಸಿರು ಬಿಡುತ್ತಾ ದಡ ಮುಟ್ಟಿಸಿದ. ಅವನ ಕೈಯಲ್ಲಿ ಜೀವ ಉಳಿಸಿಕೊಂಡವರೇ ಅವನ ತಾಯಿಯನ್ನು ಬೈಯುತ್ತಾ ಇಳಿದರು.

ನಾನು ಟವೆಲ್ಲಿನಿಂದ ಬುಡ್ಡಿ ಒರೆಸಿದೆ. ಕುತ್ತಿಗೆಯವರೆಗೂ ನೀರು. "ನೋಡ್ರಿ ಸಾವ್ಕಾರ್ರ, ಇದು ಕಾಣದ್ದಕ್ಕ ದೋಣಿ ನಿಂತದ."

ಆತ ನೀರು ನೋಡಲಿಲ್ಲ, ನನ್ನ ಟವೆಲ್ಲು ನೋಡಿದ. "ಕುಂಕುಮ ಅಳಿಸಿದ್ರ್ಯಾ?" ಆಮೇಲೆ ಮುದುಕನಿಗೆ, "ಇಷ್ಟು ದೊಡ್ಡ ಮಿಷನ್ ಹಾಕಿಸಿದ್ರೂ ನಿಂತದ ಅಂದ್ರ ದೋಷ ನಿಂದೇ. ಇಳಿ ಕೆಳಗ."

"ಕೈ ಹಚ್ಚಬ್ಯಾಡ ಅಂದಾವ್ರು ನೀವss ಅಲ್ಲೇನ್ರೀ ಧಣಿ…"

"ಬಾಯಿ ಬ್ಯಾರೆ ಬಂತೇನು ನಿನಗ?"

ಬುಡ್ಡಿಯ ನೀರು ಹೊರಬಿಟ್ಟು, ಡೀಸೆಲ್ ಪೈಪಿನಲ್ಲಿ ಸೇರಿದ್ದ ಗಾಳಿ ತೆಗೆದು ಇಂಜಿನ್ ಚಾಲೂ ಮಾಡಿಕೊಟ್ಟೆ. ಸಾವ್ಕಾರನ ಅಳಿಯ ಚುಕ್ಕಾಣಿ ಹಿಡಿದ. ಮುದುಕನ ಮನೆ ಆಚೆ ದಡದಲ್ಲಿ. ದೋಣಿ ಕಟ್ಟುವ ಹಗ್ಗದ ಹತ್ತಿರವೇ ನಿಂತಿದ್ದ.

"ಮನಿಗಿ ಹೋಗಬೇಕಿತ್ರೀ…"

"ಹೋಗು, ಬ್ಯಾಡಂದೋರ್ಯಾರು? ಎಲ್ಲಾರಂಗ ಪಾಳಿ ಹಚ್ಚು."

ಮುದುಕ ಹೋಗಿ ಸಾಲಿನ ಕೊನೆಯಲ್ಲಿ ನಿಂತ. ಆಗಷ್ಟೇ ಬಂದ ಹೆಂಗಸೊಬ್ಬಳು ಆಡು ಎಳೆದುಕೊಂಡು ಅವನ ಹಿಂದೆ ನಿಂತು ಕೇಳಿದಳು, "ಯಪ್ಪಾ, ಇವತ್ತ್ಯಾಕ ತಡಾ ಮಾಡಾಕತ್ತೀದಿ? ಬಿಡಬಾರದ ದೋಣಿ?"

"ಬಿಡಾಂವ ನಾನಲ್ಲವ್ವಾ," ಅಂದ.