ಮಂಡಿಯಲ್ಲಿ ತೂಗಿದ ಸೂಟ್‌ಕೇಸು

ಮೊದಲ ಸಲ ಜಪಾನಿಗೆ ಹೊರಟಾಗ, ವಿಮಾನದಲ್ಲಿ ಇಪ್ಪತ್ತು ಕೆಜಿಗಿಂತ ಒಂದು ಚೂರೂ ಹೆಚ್ಚು ಬಿಡುವುದಿಲ್ಲ ಎಂದು ಎಲ್ಲರೂ ನನ್ನನ್ನು ಹೆದರಿಸಿದ್ದರು. ಸ್ವೆಟರು, ಕೋಟು, ಹುರಿಹಿಟ್ಟು, ಉಪ್ಪಿನಕಾಯಿ ಎಲ್ಲ ತುಂಬಿದ ಸೂಟ್‌ಕೇಸನ್ನು ಮಂಡ್ಯದಲ್ಲಿ ತೂಗಿಸುವುದೆಲ್ಲಿ? ಸೈಕಲ್ ಮೇಲಿಟ್ಟುಕೊಂಡು ಬೆಲ್ಲದ ಮಂಡಿಗೆ ಹೋದೆ.

ತೂಕ ಹಾಕುವ ನಿಂಗಣ್ಣ ಬೆಲ್ಲದ ಮೂಟೆಗಳನ್ನು ಪಕ್ಕಕ್ಕೆ ತಳ್ಳಿ ಅದನ್ನು ತೂಗಿದ. “ಅದಿನೆಂಟು ಕೆಜಿ ಕಣ್ ಸಾ. ಇನ್ನೂ ಎರಡು ಕೆಜಿಗೆ ಜಾಗ ಅದೆ. ಬೆಲ್ಲ ತಕ್ಕೊಂಡೋಗಿ, ಆ ಜನ ಎಲ್ ಕಂಡವ್ರೆ!” ಎಂದ. ಎರಡು ಕೆಜಿ ಅಚ್ಚುಬೆಲ್ಲ ತುಂಬಿಕೊಂಡೆ.

ಮದ್ರಾಸಿನ ವಿಮಾನ ನಿಲ್ದಾಣದಲ್ಲಿ ತಕ್ಕಡಿಯ ಮುಳ್ಳು ಇಪ್ಪತ್ತೆರಡಕ್ಕೆ ಹೋಗಿ ನಿಂತಿತು. ಹದಿನೆಂಟಕ್ಕೆ ಎರಡು ಸೇರಿದರೆ ಇಪ್ಪತ್ತೇ ಆಗಬೇಕೆಂದು ಕೌಂಟರಿನ ಹೆಂಗಸಿಗೆ ಎರಡು ಸಲ ಕೂಡಿ ತೋರಿಸಿದೆ. ಆಕೆ ಎರಡು ಸಲವೂ ಮುಳ್ಳನ್ನು ತೋರಿಸಿದಳು. ಬೆಲ್ಲ ಬಿಟ್ಟುಹೋಗಲು ಮನಸ್ಸು ಬರಲಿಲ್ಲ. ಆ ಸೆಕೆಯಲ್ಲಿ ಎರಡು ಸ್ವೆಟರು, ಅದರ ಮೇಲೆ ಉಣ್ಣೆಯ ಕೋಟು ತೊಟ್ಟುಕೊಂಡು ವಿಮಾನ ಹತ್ತಿದೆ.

ಜಪಾನಿನಿಂದ ಊರಿಗೆ ಬಂದವನೇ ಮಂಡಿಗೆ ಹೋದೆ.

“ನಿನ್ನ ತಕ್ಕಡಿ ಕೆಟ್ಟಿದೆ ಕಣಯ್ಯ ನಿಂಗಣ್ಣ.”

“ತಕ್ಕಡಿಗೇನಾಗದೆ ಸಾ? ಇಪ್ಪತ್ತು ಕೆಜಿನೇ ಇತ್ತು. ತೇವಕ್ಕೆ ಅಂತ ಎರಡು ಕೆಜಿ ಕಳ್ದೆ. ಯಾರ ಮಾಲು ಬಂದ್ರೂ ಕಳೀತೀನಿ.”

“ಸೂಟ್‌ಕೇಸಿನಲ್ಲಿ ತೇವ ಎಲ್ಲಿತ್ತಯ್ಯಾ?”

“ಒಳಗಿನ್ ತೇವ ಈಚೆಗ್ ಬಂದ್ಮೇಲೆ ತಾನೇ ಗೊತ್ತಾಗೋದು?”

ನಾನೂ ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಆ ಕೋಟಿನೊಳಗೆ ನಾನು ಸುರಿಸಿದ ಬೆವರು ಎರಡು ಕೆಜಿಗೆ ಕಡಿಮೆ ಇದ್ದಿರಲಾರದು.