ಕರುವಿನ ಪಾಲು

ಹೊಸಪೇಟೆ ಪಕ್ಕದ ಚಿತ್ತವಾಡ್ಗಿಯ ಗರಡಿ ಮನೆಗೆ ಆಳೆತ್ತರದ ಕನ್ನಡಿ ಬಂದದ್ದು ೧೯೩೭ರಲ್ಲಿ. ಅಲ್ಲಿಯವರೆಗೆ ಆ ಗರಡಿಯವರಿಗೆ ತಮ್ಮ ಮೈ ಎಂಥದೆಂದು ತಿಳಿಯುತ್ತಿದ್ದುದು ಎದುರಾಳಿ ಹಿಡಿದಾಗ ಮಾತ್ರ. ಬಳ್ಳಾರಿಯಲ್ಲಿ ದೇಹದಾರ್ಢ್ಯ ಸ್ಪರ್ಧೆ ನಡೆಯುತ್ತದೆ, ಅದರಲ್ಲಿ ಕುಸ್ತಿ ಇಲ್ಲ, ನಿಂತು ಮೈ ತೋರಿಸಿದರೆ ಸಾಕು ಎಂಬ ಸುದ್ದಿ ಕೇಳಿ ಉಸ್ತಾದ ಗವಿಸಿದ್ದಪ್ಪ ಮೊದಲು ನಕ್ಕ. ಮರುದಿನ ಯಾರದೋ ಮನೆಯಿಂದ ಹಳೆಯ ಕನ್ನಡಿಯೊಂದನ್ನು ಹೊರಿಸಿಕೊಂಡು ಬಂದು ಜಂಬಪ್ಪನನ್ನು ಅದರೆದುರು ನಿಲ್ಲಿಸಿದ.

“ಲೇ ಜಂಬ್ಯಾ, ಕುಸ್ತ್ಯಾಗ ನೀ ಗೆಲ್ಲಂಗಿಲ್ಲ. ಎದುರಿನವಗ ನೋವಾದೀತು ಅಂತ ಹಿಡಿತ ಸಡ್ಲ ಬಿಡ್ತಿ. ಇದು ನಿನಗ ಹೇಳಿ ಮಾಡಿಸಿದಂಗ ಐತಿ. ಇಲ್ಲಿ ಯಾರನ್ನೂ ಕೆಡವೋ ಕೆಲಸ ಇಲ್ಲ.”

ಜಂಬಪ್ಪನಿಗೆ ಇಪ್ಪತ್ತೇಳು ವರ್ಷ. ಹೊಸಪೇಟೆಯ ರೈಲು ನಿಲ್ದಾಣದ ಹಿಂದೆ ಸಂಡೂರಿನ ಮ್ಯಾಂಗನೀಸ್ ಅದಿರು ರಾಶಿ ಬೀಳುತ್ತಿತ್ತು. ಅದನ್ನು ಬುಟ್ಟಿಯಲ್ಲಿ ಹೊತ್ತು ವ್ಯಾಗನ್ನಿಗೆ ತುಂಬುವುದು ಅವನ ಕೆಲಸ. ಸಂಜೆಗೆ ಬೆವರೂ ಕಪ್ಪಗೆ ಇಳಿಯುತ್ತಿತ್ತು. ಕನ್ನಡಿಯ ಮುಂದೆ ನಿಂತ ದಿನ ಅವನಿಗೆ ತನ್ನ ಎಡ ಹೆಗಲು ಬಲಕ್ಕಿಂತ ಸಣ್ಣದೆಂದು ಗೊತ್ತಾಯಿತು. ಅಂದಿನಿಂದ ಬುಟ್ಟಿ ಎಡ ಹೆಗಲಿಗೆ ಬಂತು. ನಸುಕಿನಲ್ಲಿ ದಂಡ, ಬಸ್ಕಿ, ಹಗಲೆಲ್ಲ ಅದಿರು, ಸಂಜೆ ಕಲ್ಲುಗುಂಡು. ಇಷ್ಟರ ಮೇಲೆ ಉಸ್ತಾದ ಇನ್ನೊಂದು ಹೇಳಿದ್ದ: ದಿನಕ್ಕೆ ಒಂದು ಸೇರು ಹಾಲು, ಕೆಚ್ಚಲ ಬಿಸಿ ಆರುವುದರೊಳಗೆ ಕುಡಿಯಬೇಕು.

ಮನೆಯಲ್ಲಿದ್ದುದು ಒಂದೇ ಎಮ್ಮೆ. ಅವನ ಹೆಂಡತಿ ನೀಲಗಂಗಮ್ಮ ಮದುವೆಯಾದ ವರ್ಷ ಅದರ ಹಗ್ಗ ಹಿಡಿದು ತವರಾದ ಕಂಪ್ಲಿಯಿಂದ ನಡೆದೇ ಬಂದಿದ್ದಳು. ಈಗ ಅದು ಹೆಣ್ಣುಗರು ಹಾಕಿ ತಿಂಗಳಾಗಿತ್ತು. ಹಿಂಡುವಾಗ ಅವಳು ಮೂರು ಮೊಲೆ ಮನೆಗೆ, ಒಂದು ಕರುವಿಗೆ ಬಿಡುತ್ತಿದ್ದಳು. ಅವಳ ತಾಯಿ ಹಾಗೆ ಮಾಡುತ್ತಿದ್ದಳು, ತಾಯಿಯ ತಾಯಿಯೂ ಹಾಗೆಯೇ. ಆ ನಾಲ್ಕನೆಯ ಮೊಲೆಯತ್ತ ಅವಳ ಕೈಯೇ ಹೋಗುತ್ತಿರಲಿಲ್ಲ.

ಬೆಳಗಿನ ಹಾಲು ವಕೀಲರ ಮನೆಗೆ ತಿಂಗಳ ಲೆಕ್ಕದ ವರ್ತನೆಗೆ ಹೋಗಬೇಕು. ಸಂಜೆಯದನ್ನು ಪೂರ್ತಿ ಗಂಡನಿಗೆ ಬಿಟ್ಟುಕೊಟ್ಟಳು. ಅಳೆದರೆ ಸೇರಿಗೆ ಒಂದು ಪಾವು ಕಡಿಮೆ.

“ನಾನ ಹಿಂಡ್ಕೊಂಡು ಅಲ್ಲೇ ಕುಡೀತೀನಿ. ನೀ ಒಲಿ ಮುಂದ ಕುಂದ್ರು” ಎಂದ ಜಂಬಪ್ಪ.

“ನಿಮಗ ಹಿಂಡಾಕ ಬರತೈತೇನ್ರಿ?”

“ಅದಿರು ಹೊರೋ ಕೈಗೆ ಹಾಲು ಹಿಂಡಾಕ ಬರಂಗಿಲ್ಲೇನು?”

ಪಕ್ಕದ ಮನೆಯ ದುರುಗವ್ವ ಗೋಡೆಯಾಚೆಯಿಂದಲೇ ಕೂಗಿದಳು: “ನೀಲಗಂಗವ್ವಾ, ನಿನ್ನ ಗಂಡ ಎಮ್ಮಿ ಬುಡಕ್ಕ ಕುಂತು ಕುಂತು ಕರು ಆಗ್ಯಾನು ನೋಡವ್ವ. ಆಮ್ಯಾಲೆ ಗೂಟಕ್ಕ ಕಟ್ಟಬೇಕಾಗತೈತಿ.”

ನೀಲಗಂಗಮ್ಮ ಬಾಯಿಗೆ ಸೆರಗು ಹಿಡಿದು ನಕ್ಕಳು. ಜಂಬಪ್ಪನೂ ನಕ್ಕ.

ಮೊದಲ ಸಂಜೆ ನಾಲ್ಕನೆಯ ಮೊಲೆಯನ್ನು ಮುಟ್ಟಿ ಕೈ ತೆಗೆದ. ಎರಡನೆಯ ಸಂಜೆ ಎರಡೇ ಎರಡು ಧಾರೆ ಎಳೆದ. ತಂಬಿಗೆಯಲ್ಲಿ ಸೇರಿನ ಗುರುತು ಇನ್ನೂ ಒಂದು ಬೆರಳು ಮೇಲಿತ್ತು. ವಾರ ಕಳೆಯುವಷ್ಟರಲ್ಲಿ ಹಾಲು ಆ ಗುರುತನ್ನು ಮುಟ್ಟತೊಡಗಿತು. ತಿಂಗಳಾದ ಮೇಲೆ ಉಸ್ತಾದ, “ಇನ್ನಷ್ಟು ಬೇಕು, ತೋಳು ಈಗ ತುಂಬಾಕತ್ತೈತಿ” ಎಂದ. ಆಗ ಜಂಬಪ್ಪ ಬೆಳಗಿನ ಹಿಂಡುವಿಕೆಯನ್ನೂ ತಾನೇ ವಹಿಸಿಕೊಂಡ. ವರ್ತನೆಯ ಹಾಲು ಕಡಿಮೆಯಾಗಲಿಲ್ಲ. ನೀಲಗಂಗಮ್ಮನಿಗೆ ನಸುಕಿನ ಒಂದು ಗಳಿಗೆ ನಿದ್ದೆ ಹೆಚ್ಚಿಗೆ ಸಿಕ್ಕಿತು. ಮನೆಯಲ್ಲಿ ಯಾರಿಗೂ ಏನೂ ಕಡಿಮೆಯಾದಂತೆ ಕಾಣಲಿಲ್ಲ.

ಕರು ಮಾತ್ರ ಬಿಟ್ಟ ಕೂಡಲೇ ಕೆಚ್ಚಲನ್ನು ಗುದ್ದುತ್ತಿತ್ತು. ಒಂದು ಮೊಲೆ ಬಿಟ್ಟು ಇನ್ನೊಂದನ್ನು ಹಿಡಿಯುತ್ತಿತ್ತು. ಜಂಬಪ್ಪ ಅದನ್ನು ನೋಡಬಾರದೆಂದು ಬೇಗ ತಂಬಿಗೆ ಎತ್ತಿಕೊಂಡು ಹೊರಗೆ ಹೋಗುತ್ತಿದ್ದ. ಗರಡಿಯ ಕನ್ನಡಿಯಲ್ಲಿ ತೋಳು ಮಡಚಿದಾಗ ಏಳುವ ಉಬ್ಬನ್ನು ಕಂಡು ಸಂತೋಷಪಡುವ ಮೊದಲೇ ಆ ಗುದ್ದು ನೆನಪಾಗುತ್ತಿತ್ತು. ಸ್ಪರ್ಧೆಗೆ ಇನ್ನು ಇಷ್ಟೇ ದಿನ, ಆಮೇಲೆ ಕರುವಿಗೆ ಎರಡು ಮೊಲೆ ಬಿಟ್ಟೇನು ಎಂದು ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದ. ಕರುವಿಗೆ ಕೊಟ್ಟ ಮಾತು ಅದು. ಅದಕ್ಕೆ ಸಾಕ್ಷಿ ಯಾರೂ ಇರಲಿಲ್ಲ.

ಕರುವಿನ ಪಕ್ಕೆಲುಬು ಕಾಣತೊಡಗಿದಾಗ ನೀಲಗಂಗಮ್ಮ ಅದರ ಬೆನ್ನು ಸವರುತ್ತ ಕೇಳಿದಳು: “ಯಾಕ ಹಿಂಗ ಸೊರಗಾಕತ್ತೈತ್ರಿ ಇದು?”

“ಹೊಟ್ಟ್ಯಾಗ ಹುಳ ಆಗಿರಬೇಕು.”

ಮಾತು ಎಷ್ಟು ಸಲೀಸಾಗಿ ಬಂತೆಂದರೆ ಅವನಿಗೇ ಆಶ್ಚರ್ಯವಾಯಿತು. ಅವಳು ಬೇವಿನ ತೊಗಟೆ ಕುದಿಸಿ ಕಷಾಯ ಮಾಡಿದಳು. ಬಿದಿರಿನ ಗೊಟ್ಟದಿಂದ ಅದನ್ನು ಗಂಟಲಿಗೆ ಹೊಯ್ಯುವಾಗ ಕರುವಿನ ಬಾಯಿ ಅಗಲಿಸಿ ಹಿಡಿದವನು ಅವನೇ. ಅದರ ದವಡೆ ಅವನ ಎರಡು ಬೆರಳಿಗೆ ಆಗುವಷ್ಟಿತ್ತು. ಕಹಿಗೆ ಒದ್ದಾಡಿತು, ಆಮೇಲೆ ಅವನ ಬೆರಳನ್ನೇ ಚೀಪತೊಡಗಿತು. ಮೂರು ದಿನ ಹೀಗೆ ನಡೆಯಿತು. ನಾಲ್ಕನೆಯ ಬೆಳಿಗ್ಗೆ ಅದು ಏಳಲಿಲ್ಲ.

ಸ್ಪರ್ಧೆಗೆ ಐದು ದಿನ ಉಳಿದಿತ್ತು.

ಕರು ಸತ್ತರೆ ಎಮ್ಮೆ ಹಾಲು ಇಳಿಸುವುದಿಲ್ಲ. ಅದಕ್ಕೆ ಸತ್ತ ಕರುವಿನ ಚರ್ಮದಲ್ಲಿ ಹುಲ್ಲು ತುಂಬಿ ಹೊಲಿಸಿ ಎಮ್ಮೆಯ ಮುಂದೆ ನಿಲ್ಲಿಸುತ್ತಾರೆ. ಚರ್ಮದ ಕೆಲಸ ಬಲ್ಲ ಗಾಳೆಪ್ಪನನ್ನು ಕರೆಸಿದರು. ಹಿತ್ತಲ ಬೇಲಿಯ ಹತ್ತಿರ ಅವನು ಕೆಲಸ ಮಾಡುತ್ತಿದ್ದಾಗ ಜಂಬಪ್ಪ ನೀರಿನ ಕೊಡ ಇಟ್ಟುಕೊಂಡು ನಿಂತಿದ್ದ. ನೀಲಗಂಗಮ್ಮ ಒಳಗಿದ್ದಳು.

“ಏನಂತ ಹೇಳಿದ್ರಿ, ಹುಳ?” ಗಾಳೆಪ್ಪ ತಲೆ ಎತ್ತದೆ ಕೇಳಿದ.

“ಹೂಂ.”

“ಇದರ ಹೊಟ್ಟ್ಯಾಗ ಹುಳ ಇಲ್ಲ ಯಪ್ಪಾ. ಏನೂ ಇಲ್ಲ. ಹಾಲಿನ ಪಸಿ ಸುದ್ದಾ ಇಲ್ಲ.”

ಅಷ್ಟು ಹೇಳಿ ಕತ್ತಿ ಒರೆಸಲು ಮೇಲಕ್ಕೆ ನೋಡಿದ. ಜಂಬಪ್ಪನ ತೋಳುಗಳ ಮೇಲೆ ಅವನ ಕಣ್ಣು ಸ್ವಲ್ಪ ಹೊತ್ತು ನಿಂತಿತು. ಮತ್ತೆ ಕೆಲಸಕ್ಕೆ ಬಗ್ಗಿದ. ಜಂಬಪ್ಪ ಹೆಗಲ ಮೇಲಿನ ಟವೆಲನ್ನು ಬಿಚ್ಚಿ ಮೈತುಂಬ ಹೊದ್ದುಕೊಂಡ.

ಅವನು ಬಳ್ಳಾರಿಗೆ ಹೋಗದೆ ಇರಬಹುದಿತ್ತು. ಹೋಗದಿದ್ದರೆ ಏಕೆಂದು ಹೇಳಬೇಕಾಗುತ್ತಿತ್ತು. ಹೋದ. ಗ್ಯಾಸ್ ದೀಪಗಳ ಕೆಳಗೆ, ಎಣ್ಣೆ ಹಚ್ಚಿದ ಮೈಯಲ್ಲಿ ಹಲಗೆಯ ಮೇಲೆ ನಿಂತ. ಎಡ ಹೆಗಲು ಬಲದಷ್ಟೇ ಆಗಿತ್ತು. ತೀರ್ಪುಗಾರರಲ್ಲಿ ಹಿರಿಯರೊಬ್ಬರು ಹತ್ತಿರ ಬಂದು ಅವನ ತೋಳನ್ನು ಬೆರಳಿನಿಂದ ಒತ್ತಿ ನೋಡಿದರು.

“ಎಷ್ಟು ಹಾಲು ಕುಡೀತೀಯಪ್ಪ ದಿನಾ?”

ಜಂಬಪ್ಪ ಮಡಚಿದ ತೋಳನ್ನು ಇಳಿಸಿ ಕಾಲಡಿಯ ಹಲಗೆ ನೋಡತೊಡಗಿದ.

“ಲೆಕ್ಕ ತಪ್ಪಿರಬೇಕು” ಎಂದರು ಅವರು. ಮುಂದಿನ ಸಾಲಿನವರು ನಕ್ಕರು. ಅವನಿಗೆ ಎರಡನೆಯ ಬಹುಮಾನ ಬಂತು, ಒಂದು ಬೆಳ್ಳಿಯ ಪದಕ. ಮರಳಿ ಬರುವ ರೈಲಿನಲ್ಲಿ ಗವಿಸಿದ್ದಪ್ಪ ದಾರಿಯುದ್ದಕ್ಕೂ ಮುಂದಿನ ವರ್ಷದ ಮಾತಾಡಿದ.

ಮನೆಗೆ ಬಂದಾಗ ನೀಲಗಂಗಮ್ಮ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಅವನು ಪದಕವನ್ನು ಮೊರದ ಪಕ್ಕದಲ್ಲಿ ಇಟ್ಟು ಎದುರಿಗೆ ಕುಳಿತ.

“ಕರೂನ ಪಾಲು ನಾ ಕುಡದೆ” ಎಂದ. “ಹುಳ ಅಂದಿದ್ದು ಸುಳ್ಳು.”

ಮೊರದಲ್ಲಿ ಜೋಳ ಎರಡು ಸಲ ಏರಿ ಇಳಿಯಿತು.

“ನನಗ ಗೊತ್ತಿತ್ತು.”

“ಗಾಳೆಪ್ಪ ಹೇಳಿದ್ನೇನು?”

“ಅವ ಯಾಕ ಹೇಳಬೇಕು? ಹಾಲಿದ್ರ ಕರು ಹಂಗ ಗುದ್ದಂಗಿಲ್ಲ. ಸಣ್ಣಾಕಿದ್ದಾಗಿಂದ ಎಮ್ಮಿ ಜೋಡಿ ಬೆಳದಾಕಿ ನಾನು.” ಕಲ್ಲೊಂದನ್ನು ಆರಿಸಿ ಎಸೆದಳು. “ನಾಳೆ ಕೇಳೋಣು, ನಾಳೆ ಕೇಳೋಣು ಅಂತ ಬಿಟ್ಟೆ. ನೀವು ಜಳಕ ಮಾಡಿ ಬಂದು ನಿಂತ್ರ ನೋಡಾಕ ಚಂದ ಕಾಣತಿತ್ತು. ಓಣ್ಯಾಗ ಎಲ್ಲಾರೂ ಅಂತಿದ್ರು. ಗೊತ್ತಿದ್ದೂ ಬೇವು ಕುದಿಸಿದೆ.”

ಅವಳು ಬೈದಿದ್ದರೆ ಅವನು ತಲೆ ತಗ್ಗಿಸಿ ಕೇಳುತ್ತಿದ್ದ; ಅದಕ್ಕೆ ತಯಾರಾಗಿಯೇ ಬಂದಿದ್ದ. ಇದಕ್ಕೆ ಏನು ಮಾಡಬೇಕೆಂದು ಅವನಿಗೆ ತೋಚಲಿಲ್ಲ. ಕೊಟ್ಟಿಗೆಯಲ್ಲಿ ಎಮ್ಮೆ ಕೂಗಿತು.

“ಹೊತ್ತಾತು, ಬರ್ರಿ” ಎಂದು ಅವಳು ತಂಬಿಗೆ ತೆಗೆದುಕೊಂಡು ಎದ್ದಳು. “ನಾ ಹಿಂಡ್ತೀನಿ. ನೀವು ಅದನ್ನ ಹಿಡಕೊಂಡು ನಿಂದರ್ರಿ.”

ಆ ವರ್ಷದ ಹಾಲು ಬತ್ತುವವರೆಗೆ ಬೆಳಿಗ್ಗೆ, ಸಂಜೆ ಹುಲ್ಲಿನ ಕರುವನ್ನು ಎಮ್ಮೆಯ ಮೂತಿಯ ಹತ್ತಿರ ಹಿಡಿದು ನಿಲ್ಲುವ ಕೆಲಸ ಜಂಬಪ್ಪನದಾಯಿತು. ಹಾಲು ಅವನು ಮತ್ತೆ ಕುಡಿಯಲಿಲ್ಲ. ಗರಡಿಗೆ ಹೋಗುತ್ತಿದ್ದ, ಆದರೆ ಕನ್ನಡಿಯ ಕಡೆ ಬೆನ್ನು ಮಾಡಿ ದಂಡ ಹೊಡೆಯುತ್ತಿದ್ದ. ನೀಲಗಂಗಮ್ಮ ಈಗಲೂ ಮೂರೇ ಮೊಲೆ ತಂಬಿಗೆಗೆ ಹಿಂಡುತ್ತಿದ್ದಳು. ನಾಲ್ಕನೆಯದರ ಹಾಲನ್ನು ಕೊನೆಗೆ ನೆಲಕ್ಕೆ ಕರೆದುಬಿಡುತ್ತಿದ್ದಳು. ಎಮ್ಮೆ ಹುಲ್ಲಿನ ಬೆನ್ನನ್ನು ಕಿವಿಯಿಂದ ಬಾಲದವರೆಗೆ ನಿಧಾನವಾಗಿ ನೆಕ್ಕುತ್ತಿತ್ತು. ಹಗಲೆಲ್ಲ ಅದಿರಿನ ಬುಟ್ಟಿ ಎತ್ತುವ ಆ ತೋಳುಗಳಿಗೆ ಆ ಹುಲ್ಲಿನ ಕರು ಒಂದು ತೂಕವೇ ಆಗಿರಲಿಲ್ಲ. ಆದರೂ ನಾಲ್ಕನೆಯ ಮೊಲೆ ಬರಿದಾಗುವವರೆಗೆ ಅವನು ಅದನ್ನು ಎರಡೂ ಕೈಯಿಂದ ಹಿಡಿದು ನಿಂತಿರುತ್ತಿದ್ದ.